ಅವ್ವನ ಗುಳಗಿ ಡಬ್ಬಿ ದುಬೈ ತಲುಪಿದ ಬಗೆ

ದುಬೈಯಲ್ಲಿರುವ ತಂಗಿಗೆ ದಿನ ತುಂಬುತ್ತಾ ಬಂದಿತ್ತು. ಬಾಣಂತನಕ್ಕೆ ಅವ್ವ ಹೋಗಬೇಕು, ಅವ್ವನ ಜೊತೆ ನಾನು ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಆಯ್ತು. 60 ದಿನದ ವೀಸಾ ಬಂತು, ಟಿಕೆಟ್ ಆಯ್ತು. ಅದೆಲ್ಲ ಸಲೀಸು. ನಿಜವಾಗಿ ಕೂತು ಮಾಡಬೇಕಾಗಿದ್ದು ಔಷಧಿಯ ಕೆಲಸ. ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮೂರೂ ಇವೆ. ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಮೇಲೆ ಗುಳಗಿಗಳು. ಎರಡು ತಿಂಗಳ ಔಷಧಿಯನ್ನು ಬೆಳಗಾವಿಯಿಂದ ಹೊತ್ತು ಬೇರೆ ದೇಶಕ್ಕೆ ಹೋಗುವುದು ಅಂದರೆ ಸುಮ್ನೆ ಚೀಲಕ್ಕೆ ತುಂಬಿಕೊಂಡು ಹೊರಡುವ ಮಾತಲ್ಲ. ಬೆಳಗಾವಿಯ ನಮ್ಮ ಶಹಾಪುರದ ಓಣಿಯಲ್ಲೇ ಎಷ್ಟೋ ಮನೆಯ ಮಕ್ಕಳು ಕೊಲ್ಲಿ ದೇಶಗಳಲ್ಲಿದ್ದಾರೆ. ಅವರ ಅಪ್ಪ ಅವ್ವ ವರ್ಷಕ್ಕೊಮ್ಮೆ ಹೋಗಿಬರುತ್ತಾರೆ. ಅವರಿಗಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಅಂದರೆ, ಅವ್ವನ ಗುಳಗಿ ಡಬ್ಬಿಯನ್ನು ಹಾಸಿಗೆ ಮೇಲೆ ಸುರುವಿ ಒಂದೊಂದೇ ಸ್ಟ್ರಿಪ್ ತಿರುವಿ ಓದಿದ್ದು. ಮುಂದೆ ದೊಡ್ಡದಾಗಿ ಬರೆದ ಕಂಪನಿ ಹೆಸರಲ್ಲ, ಹಿಂದೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಒಳಗೆ ಏನಿದೆ ಅನ್ನುವುದು, ಅದನ್ನು. ಒಂದು ನೋಟ್‌ಬುಕ್ಕಲ್ಲಿ ಬರೆಯುತ್ತಾ ಹೋದೆ. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ಬಿಪಿಗೆ. ಮೆಟ್‌ಫಾರ್ಮಿನ್ 500, ಸಕ್ಕರೆಗೆ. ಲಿವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ಥೈರಾಯ್ಡ್‌ಗೆ. ಅಟೊರ್ವಾಸ್ಟಾಟಿನ್ 10, ಕೊಲೆಸ್ಟ್ರಾಲ್‌ಗೆ. ಇವೆಲ್ಲ ನಿರೀಕ್ಷಿಸಿದ್ದವೇ.

ಆಮೇಲೆ ಕೈಗೆ ಬಂದಿದ್ದು ಒಂದು ಕ್ಯಾಪ್ಸೂಲ್.

"ಇದೆಂಥಾದ್ದು ಅವ್ವಾ?"

"ಅದು ಶಕ್ತೀದು. ನರಕ್ಕ ಶಕ್ತಿ ಬರ್ಲಿ ಅಂತ ಕೊಟ್ಟಾರ. ಅದನ್ನ ತಗೊಂಡ ಮ್ಯಾಲೆ ಕಾಲುರಿ ಕಮ್ಮಿ ಆಗೇತಿ."

ಸ್ಟ್ರಿಪ್ ತಿರುವಿದರೆ ಎರಡು ಹೆಸರು ಇದ್ದವು. ಒಂದು ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ವಿಟಮಿನ್. ಇನ್ನೊಂದು ಪ್ರಿಗ್ಯಾಬಲಿನ್ 75 ಮಿಲಿಗ್ರಾಂ. ಸಕ್ಕರೆ ಕಾಯಿಲೆಯಿಂದ ನರಕ್ಕೆ ಪೆಟ್ಟು ಬಿದ್ದು ಅಂಗಾಲು ಉರಿಯುವವರಿಗೆ ನಮ್ಮಲ್ಲಿ ಈ ಜೋಡಿಯನ್ನು ಬಹಳ ಡಾಕ್ಟರುಗಳು ಬರೆಯುತ್ತಾರೆ. ವಿಟಮಿನ್ ಜೊತೆ ಸೇರಿರುವುದರಿಂದ ಮನೆಯವರೆಲ್ಲ ಇದನ್ನು ಶಕ್ತಿ ಗುಳಗಿ ಅಂತಲೇ ತಿಳಿದಿರುತ್ತಾರೆ. ಆದರೆ ಪ್ರಿಗ್ಯಾಬಲಿನ್ ಯುಎಇಯಲ್ಲಿ, ಅಂದರೆ ದುಬೈ ಇರುವ ದೇಶದಲ್ಲಿ, ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿದೆ. ಅಲ್ಲಿಗೆ ಒಯ್ಯಬೇಕಾದರೆ ಮೊದಲೇ ಅನುಮತಿ ತಗೊಂಡಿರಬೇಕು. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟು ಜನ ವಯಸ್ಸಾದವರು ಆ ಕ್ಯಾಪ್ಸೂಲನ್ನು ಪರ್ಸಲ್ಲಿಟ್ಟುಕೊಂಡು ವಿಮಾನ ಹತ್ತುತ್ತಿದ್ದಾರೋ ಅಂತ ನನಗೆ ನಿಜಕ್ಕೂ ಆತಂಕ ಆಯ್ತು.

ಡಬ್ಬಿಯ ತಳದಲ್ಲಿ ಇನ್ನೂ ಎರಡು ಸಿಕ್ಕವು. ನಿದ್ದೆ ಬರದ ದಿನ ಅಂತ ಇಟ್ಟುಕೊಂಡಿದ್ದ ಕ್ಲೊನಾಜೆಪಾಮ್ 0.25. ಮೊಣಕಾಲು ನೋವು ಜೋರಾಗಿದ್ದಾಗ ಕೊಟ್ಟಿದ್ದ ಟ್ರಮಡಾಲ್ ಸೇರಿದ ನೋವಿನ ಗುಳಗಿ, ಅರ್ಧ ಸ್ಟ್ರಿಪ್. ಕಪಾಟಿನಲ್ಲಿ ಕೊಡೀನ್ ಇರುವ ಒಂದು ಕೆಮ್ಮಿನ ಔಷಧಿ ಬಾಟಲಿ. ಇವು ಮೂರೂ ಅಲ್ಲಿ ನಿಯಂತ್ರಿತವೇ. ನಮ್ಮಲ್ಲೂ ಇವೇನು ಸಲೀಸಾದವಲ್ಲ. ಕ್ಲೊನಾಜೆಪಾಮ್ ಸ್ಟ್ರಿಪ್ ಮೇಲೆ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಎಚ್ಚರಿಕೆ ಇರುತ್ತದೆ. ಟ್ರಮಡಾಲನ್ನು 2018ರಲ್ಲಿ ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಿದರು. ಆದರೆ ನಮ್ಮ ಸ್ಟ್ರಿಪ್ ಮೇಲಿನ ಗುರುತುಗಳು ನಮ್ಮ ಕಾನೂನಿಗೆ ತಕ್ಕಂತೆ ಇರುತ್ತವೆ. ಬೇರೆ ದೇಶದಲ್ಲಿ ಅದೇ ಔಷಧಿಗೆ ಏನು ನಿಯಮ ಅನ್ನುವುದನ್ನು ಅವು ಹೇಳುವುದಿಲ್ಲ. ಅದನ್ನು ಆ ದೇಶದ ಆರೋಗ್ಯ ಇಲಾಖೆಯ ಪಟ್ಟಿಯಲ್ಲೇ ನೋಡಬೇಕು. ಒಳಗಿನ ಔಷಧಿಯ ಹೆಸರಿನಿಂದಲೇ ಹುಡುಕಬೇಕು. ಕಂಪನಿ ಹೆಸರು ಹಾಕಿದರೆ ಅಲ್ಲಿ ಸಿಗದೆ ಹೋಗಬಹುದು.

ಇಷ್ಟು ಪಟ್ಟಿ ಹಿಡಿದುಕೊಂಡು ಅವ್ವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಬಹಳ ವರ್ಷದಿಂದ ನೋಡುತ್ತಿರುವವರು. ನಾನು ವಿಷಯ ಹೇಳಿದೆ. ಅವರು ಪಟ್ಟಿ ಮೇಲೆ ಪೆನ್ನಾಡಿಸಿ ಅವ್ವನ ಕಡೆ ತಿರುಗಿದರು.

"ಅಮ್ಮಾರ, ನಿದ್ದಿ ಗುಳಗಿ ದಿನಾ ತಗೋತೀರೇನು?"

"ಇಲ್ರೀ ಸಾಹೇಬ್ರ. ಎಂದಾರ ಒಮ್ಮೆ."

"ಹಂಗಾದ್ರ ಅದು ಬ್ಯಾಡ. ಮನ್ಯಾಗ ಇಟ್ಟು ಹೋಗ್ರಿ. ಕಾಲುರೀದು ಮಾತ್ರ ಬಿಡಬ್ಯಾಡ್ರಿ."

ಇದು ಮುಖ್ಯವಾದ ಮಾತು. ಅನುಮತಿಯ ತಾಪತ್ರಯ ಯಾಕೆ ಅಂತ ನಾವೇ ಪ್ರಿಗ್ಯಾಬಲಿನ್ ನಿಲ್ಲಿಸಿಬಿಡುವ ಹಾಗಿಲ್ಲ. ದಿನಾ ತಗೊಳ್ಳುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ಬೆವರು, ತಳಮಳ ಎಲ್ಲ ಶುರುವಾಗಬಹುದು. ದಿನಾ ಕ್ಲೊನಾಜೆಪಾಮ್ ತಗೊಳ್ಳುವವರಿಗೂ ಅದೇ ಮಾತು. ಯಾವುದನ್ನು ಬಿಡಬೇಕು, ಯಾವುದನ್ನು ಒಯ್ಯಬೇಕು ಅಂತ ಡಾಕ್ಟರೇ ಹೇಳಬೇಕು. ಟ್ರಮಡಾಲ್ ಬೇಡ ಅಂದರು. ಮೊಣಕಾಲಿಗೆ ಪ್ಯಾರಾಸಿಟಮಾಲ್ ಸಾಕು ಅಂದರು. ಕೆಮ್ಮಿನ ಔಷಧಿಯ ಬಗ್ಗೆ ಕೇಳುವ ಅಗತ್ಯವೇ ಇರಲಿಲ್ಲ.

ಆಮೇಲೆ ಪತ್ರದ ವಿಷಯ. ನಮ್ಮ ಕಡೆ ಡಾಕ್ಟರ್ ಚೀಟಿ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಮೆಡಿಕಲ್ ಅಂಗಡಿಯ ಹುಡುಗ ಓದಬಲ್ಲ, ಬೇರೆಯವರಿಗೆ ಆಗುವುದಿಲ್ಲ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಅದು ಉಪಯೋಗಕ್ಕೆ ಬರಲ್ಲ. ಹಾಗಾಗಿ ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡೆವು. ಎರಡು ಕಾಗದ. ಒಂದು ವೈದ್ಯಕೀಯ ವರದಿ, ಅಂದರೆ ಇವರಿಗೆ ಈ ಕಾಯಿಲೆಗಳಿವೆ, ಇಷ್ಟು ವರ್ಷದಿಂದ ಚಿಕಿತ್ಸೆಯಲ್ಲಿದ್ದಾರೆ, ಈ ಕಾರಣಕ್ಕೆ ಈ ಔಷಧಿ ಬೇಕು ಅನ್ನುವುದು. ಇನ್ನೊಂದು ಔಷಧಿಗಳ ಚೀಟಿ. ಪ್ರತಿ ಔಷಧಿಯ ಮೂಲ ಹೆಸರು, ಪಕ್ಕದಲ್ಲಿ ಕಂಪನಿ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನಕ್ಕೆ, ಒಟ್ಟು ಎಷ್ಟು. ಇನ್ಸುಲಿನ್ ಪೆನ್, ಸೂಜಿ, ಸಕ್ಕರೆ ನೋಡುವ ಮಷಿನ್, ಅದರ ಸ್ಟ್ರಿಪ್, ತಂಪು ಇಡುವ ಜೆಲ್ ಪ್ಯಾಕ್ ಎಲ್ಲ ಬೇಕೇ ಬೇಕು ಅನ್ನುವ ಸಾಲನ್ನೂ ಬರೆಸಿದೆವು. ಕೆಳಗೆ ಸಹಿ, ಸೀಲು, ಡಾಕ್ಟರ್ ನೋಂದಣಿ ಸಂಖ್ಯೆ.

ಹೆಸರಿನ ವಿಷಯಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಹೆಂಗಸರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ, ಅಲ್ವಾ? ಆಸ್ಪತ್ರೆ ಫೈಲಿನಲ್ಲಿ ಅವ್ವನ ಕರೆಯುವ ಹೆಸರಿತ್ತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಸೇರಿ ಉದ್ದ ಹೆಸರು. ಪಾಸ್‌ಪೋರ್ಟ್ ಮುಂದಿಟ್ಟು ಅದರಲ್ಲಿರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಎರಡೂ ಕಾಗದದಲ್ಲಿ ಬರೆಸಿದೆವು. ಪಾಸ್‌ಪೋರ್ಟ್ ಸಂಖ್ಯೆಯನ್ನೂ ಹಾಕಿಸಿದೆವು. ಆಸ್ಪತ್ರೆಯ ಕಂಪ್ಯೂಟರ್ ಹುಡುಗಿ ಬೇಸರ ಮಾಡಿಕೊಳ್ಳದೆ ಎಲ್ಲ ತಿದ್ದಿಕೊಟ್ಟಳು.

ಅನುಮತಿಯ ಅರ್ಜಿಯನ್ನು ಆನ್‌ಲೈನಲ್ಲೇ ಹಾಕಬೇಕು. ವೈಯಕ್ತಿಕ ಬಳಕೆಗೆ ಔಷಧಿ ತರುವವರಿಗೆ ಅಂತ ಯುಎಇ ಸರ್ಕಾರದ ಒಂದು ಸೇವೆ ಇದೆ. ಇಮೇಲ್ ಕೊಟ್ಟು ಖಾತೆ ತೆರೆದು, ಪಾಸ್‌ಪೋರ್ಟ್ ಪ್ರತಿ, ಚೀಟಿ, ವೈದ್ಯಕೀಯ ವರದಿ ಸೇರಿಸಿ, ಔಷಧಿಯ ಹೆಸರು, ಪ್ರಮಾಣ, ಸಂಖ್ಯೆ ತುಂಬಿದೆ. ಶುಲ್ಕ ಇರಲಿಲ್ಲ. ಮಧ್ಯವರ್ತಿಗಳ ಅಗತ್ಯವೂ ಇಲ್ಲ. ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿದ್ದಾರೆ, ಅವರ ಹತ್ತಿರ ಹೋಗಬೇಡಿ. ಮನೆಯಲ್ಲಿ ಫೋನ್ ಬಳಸುವ ಮಕ್ಕಳಿದ್ದರೆ ಅವರೇ ಮಾಡಬಲ್ಲರು. ಅನುಮತಿ ಪತ್ರ ಬಂದ ಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿದೆ. ಒಂದು ಪ್ರತಿ ಅವ್ವನ ಪರ್ಸಿಗೆ, ಒಂದು ನನ್ನ ಚೀಲಕ್ಕೆ, ಒಂದು ತಂಗಿಯ ವಾಟ್ಸಪ್ಪಿಗೆ. ಕೈಯಲ್ಲಿ ಕಾಗದ ಇರಲೇಬೇಕು. ಇಳಿಯುವ ಹೊತ್ತಿಗೆ ಫೋನ್ ಚಾರ್ಜ್ ಮುಗಿದಿರಬಹುದು, ಅಲ್ಲಿನ ನೆಟ್‌ವರ್ಕ್ ಸಿಗದೆ ಹೋಗಬಹುದು.

ಔಷಧಿ ಕೊಳ್ಳುವಾಗ ಒಂದು ಅಂಗಡಿಯಲ್ಲಿ ಕಿರಿಕಿರಿ ಆಯ್ತು. ನಮ್ಮಲ್ಲಿ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಆರು, ಎಂಟು ಅಂತ ಕೊಡುವ ರೂಢಿ ಇದೆ. ಕಡಿಮೆ ದುಡ್ಡಿರುವವರಿಗೆ ಅದರಿಂದ ಅನುಕೂಲ, ಅದನ್ನು ಬೇಡ ಅನ್ನಲ್ಲ. ಆದರೆ ಕತ್ತರಿಸಿದ ತುಂಡಲ್ಲಿ ಔಷಧಿಯ ಹೆಸರು ಹೋಗಿರುತ್ತದೆ, ಮುಗಿಯುವ ತಾರೀಖು ಹೋಗಿರುತ್ತದೆ. ವಿದೇಶಕ್ಕೆ ಒಯ್ಯುವಾಗ ಅಂಥ ತುಂಡು ಅಂದರೆ ಹೆಸರಿಲ್ಲದ ಗುಳಗಿ. ಪೂರ್ತಿ ಸ್ಟ್ರಿಪ್ಪೇ ಬೇಕು, ಬಿಲ್ ಬೇಕು, ಬಿಲ್ಲಿನಲ್ಲಿ ಅವ್ವನ ಪೂರ್ತಿ ಹೆಸರು ಬೇಕು ಅಂದಾಗ ಆ ಅಂಗಡಿಯವನು ಮುಖ ಸಿಂಡರಿಸಿದ. ಬೇರೆ ಅಂಗಡಿಗೆ ಹೋದೆವು. ಅಲ್ಲಿಯವರು, "ತಂಗಿ, ದುಬೈಗೆ ಹೊಂಟೀರೇನು? ಹಂಗಾದ್ರ ಬಾಕ್ಸ್ ಸಮೇತ ಕೊಡ್ತೀನಿ," ಅಂತ ಎಲ್ಲವನ್ನೂ ಅದರ ಡಬ್ಬಿಯಲ್ಲೇ ಕೊಟ್ಟರು. ಒಂದೇ ಬ್ಯಾಚಿನ ಮಾಲು, ಮುಗಿಯುವ ತಾರೀಖು ದೂರ ಇರುವಂಥದ್ದು ಆರಿಸಿದರು. ಅಂಥವರು ಪರಿಚಯ ಇದ್ದರೆ ಅರ್ಧ ಕೆಲಸ ಹಗುರ.

ಪ್ರಿಗ್ಯಾಬಲಿನ್ ಮಾತ್ರ ಅನುಮತಿ ಪತ್ರದಲ್ಲಿರುವಷ್ಟೇ. ಒಂದು ಸ್ಟ್ರಿಪ್ ಇರಲಿ ಬಿಡು ಅಂತ ಜಾಸ್ತಿ ಹಾಕಿಕೊಳ್ಳಲಿಲ್ಲ. ಉಳಿದ ಮಾಮೂಲಿ ಗುಳಗಿಗಳಲ್ಲಿ ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಂಡೆವು. ಮಳೆ, ಮಂಜು ಅಂತ ವಿಮಾನ ಮುಂದೆ ಹೋದರೆ ಬೇಕಾಗುತ್ತದೆ.

ಇನ್ಸುಲಿನ್ ಲೆಕ್ಕ ಬೇರೆ. ಅವ್ವನಿಗೆ ಬೆಳಿಗ್ಗೆ 20 ಯೂನಿಟ್, ರಾತ್ರಿ 10. ಪ್ರತಿ ಸಲ ಚುಚ್ಚುವ ಮುಂಚೆ ಗಾಳಿ ತೆಗೆಯಲು 2 ಯೂನಿಟ್ ಹೊರಗೆ ಬಿಡಬೇಕು. ಅಲ್ಲಿಗೆ ದಿನಕ್ಕೆ 34 ಆಯ್ತು. ಒಂದು ಪೆನ್ನಿನಲ್ಲಿ 3 ಮಿಲಿಲೀಟರ್, ಅಂದರೆ 300 ಯೂನಿಟ್ ಇರುತ್ತದೆ. 60 ದಿನಕ್ಕೆ ಏಳು ಪೆನ್ ಬೇಕು. ಒಂದು ಕೆಳಗೆ ಬಿದ್ದು ಒಡೆದರೆ ಅಂತ ಎಂಟು ತಗೊಂಡೆವು. ಗಾಳಿ ತೆಗೆಯುವ 2 ಯೂನಿಟ್ಟನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯಲ್ಲ. ಕೊನೆಯ ವಾರದಲ್ಲಿ ಔಷಧಿ ಸಾಲದೆ ಬರುವುದು ಅಲ್ಲೇ.

ತೆರೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಳಕೆಯಲ್ಲಿರುವ ಪೆನ್ನನ್ನು ಬಿಸಿಲು ತಾಗದ ಹಾಗೆ ಹೊರಗೇ ಇಡಬಹುದು, ಸುಮಾರು ನಾಲ್ಕು ವಾರ ತಡೆಯುತ್ತದೆ. ಎಷ್ಟು ದಿನ ಅನ್ನುವುದು ಅದರದರ ಡಬ್ಬಿಯ ಒಳಗಿನ ಕಾಗದದಲ್ಲಿ ಇರುತ್ತದೆ. ಇನ್ಸುಲಿನ್ ಯಾವತ್ತೂ ಲಗೇಜಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು. ವಿಮಾನದ ಹೊಟ್ಟೆಯಲ್ಲಿ ಚಳಿ ಜಾಸ್ತಿಯಾಗಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ನೋಡಲು ಚೆನ್ನಾಗೇ ಕಾಣಬಹುದು, ಆದರೆ ಸಕ್ಕರೆ ಇಳಿಸುವುದಿಲ್ಲ. ಇನ್ನೊಂದು ಕಡೆ, ದುಬೈಯ ಬಿಸಿಲಲ್ಲಿ ಲಗೇಜ್ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೆ ಗೊತ್ತು. ಲಗೇಜೇ ಬರದೆ ಹೋದರೆ?

ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ತಗೊಂಡೆವು. ಕೆಳಗೊಂದು ಜೆಲ್ ಪ್ಯಾಕ್, ಮೇಲೆ ದಪ್ಪನೆಯ ಟವೆಲ್ ತುಂಡು, ಅದರ ಮೇಲೆ ಪೆನ್ನುಗಳು, ಮತ್ತೆ ಟವೆಲ್, ಮತ್ತೊಂದು ಪ್ಯಾಕ್. ಜೆಲ್ ಪ್ಯಾಕ್ ನೇರವಾಗಿ ಪೆನ್ನಿಗೆ ತಾಗಬಾರದು, ತಾಗಿದ ಕಡೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಲ್ಲಿಡುವ ಸಣ್ಣ ಥರ್ಮಾಮೀಟರ್ ಒಂದನ್ನು ಒಳಗೇ ಹಾಕಿದೆ. ಹೊರಡುವ ಮುಂಚೆ ಒಂದು ದಿನ ಖಾಲಿ ಫ್ಲಾಸ್ಕನ್ನೇ ಹೀಗೆ ಕಟ್ಟಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆಯಲ್ಲಿಟ್ಟು ಮುಳ್ಳು ಎಲ್ಲಿಗೆ ಬರುತ್ತದೆ ಅಂತ ನೋಡಿದ್ದೆ. ಧೈರ್ಯ ಬಂದಿದ್ದು ಆಗಲೇ.

ಇನ್ನು ಅವ್ವನ ಅಡುಗೆಮನೆ. ಇಲ್ಲಿ ಔಷಧಿಗಿಂತ ಜಾಸ್ತಿ ಮಾತುಕತೆ ಆಯ್ತು.

ಬಾಣಂತಿಗೆ ಅಂಟಿನುಂಡಿ ಇಲ್ಲದೆ ಆಗುತ್ತದೆಯೇ? ಅಂಟು, ಉತ್ತತ್ತಿ, ಕೊಬ್ಬರಿ, ಬಾದಾಮಿ, ಬೆಲ್ಲ, ಜೊತೆಗೆ ಹುರಿದ ಗಸಗಸೆ. ಆ ಗಸಗಸೆಯೇ ತೊಡಕು. ಅಫೀಮಿನ ಗಿಡದ ಬೀಜ ಅದು. ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ. ಸ್ವಲ್ಪ ಇದ್ದರೆ ನಡೆಯುತ್ತದೆ ಅನ್ನುವ ಹಾಗಿಲ್ಲ. ಅವ್ವನಿಗೆ ಇದನ್ನು ಒಪ್ಪಿಸುವುದು ಸುಲಭ ಆಗಲಿಲ್ಲ. "ನಾ ನಿನ್ನ ಬಾಣಂತನಕ್ಕೂ ಹಾಕಿದ್ದೆ, ನಮ್ಮವ್ವ ನನಗೂ ಹಾಕಿದ್ಲು. ಅದರಾಗ ಏನ್ ತಪ್ಪೈತಿ?" ಅಂದಳು. ತಪ್ಪು ಅಂತಲ್ಲ ಅವ್ವಾ, ಅವರ ದೇಶದ ಕಾನೂನು ಹಾಗಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳೇ ಎದ್ದು ಮಿಕ್ಸರ್ ಜಾರು, ಬಾಣಲೆ, ಹಿಟ್ಟಿನ ಜರಡಿ ಎಲ್ಲವನ್ನೂ ಬಿಸಿನೀರಲ್ಲಿ ತೊಳೆದಳು. ಗಸಗಸೆ ಎಷ್ಟು ಸಣ್ಣದು ಅಂದರೆ ಜರಡಿಯ ಅಂಚಿನಲ್ಲಿ ಹತ್ತಾರು ಕಾಳು ಕೂತಿದ್ದವು. ಅವನ್ನು ಸೂಜಿಯಿಂದ ತೆಗೆದಳು. ಗಸಗಸೆ ಬದಲು ಅಳವಿ ಜಾಸ್ತಿ ಹಾಕಿ ಉಂಡಿ ಕಟ್ಟಿದಳು.

ಇದೇ ಕಾರಣಕ್ಕೆ ಮನೆಯಲ್ಲಿ ಮಾಡಿದ ಕಾಂದಾ ಲಸೂಣ ಮಸಾಲೆಯನ್ನೂ ಬಿಟ್ಟೆವು, ಅದರಲ್ಲೂ ಗಸಗಸೆ ಬಿದ್ದಿತ್ತು. ಕರದಂಟು ಒಯ್ಯುವವರು ಗಸಗಸೆ ಹಾಕಿದ್ದಾರೋ ಇಲ್ಲವೋ ಅಂತ ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ. ನಾವು ಕುಂದಾ ಒಯ್ದೆವು, ಅದು ಬರೀ ಹಾಲು ಸಕ್ಕರೆ. ಹಾಗೆಯೇ ಒಣಕೊಬ್ಬರಿ ಬಟ್ಟಲನ್ನು ವಿಮಾನದಲ್ಲಿ ಬಿಡುವುದಿಲ್ಲ. ಅದರ ಎಣ್ಣೆಯಿಂದ ಬೆಂಕಿ ಹೊತ್ತಿಕೊಳ್ಳುವ ಭಯ ಅಂತ ಕಾರಣ.

ಸಪ್ಲಿಮೆಂಟುಗಳ ವಿಷಯಕ್ಕೆ ಬಂದರೆ, ವಾರಕ್ಕೊಮ್ಮೆ ತಗೊಳ್ಳುವ 60,000 ಯೂನಿಟ್ಟಿನ ವಿಟಮಿನ್ ಡಿ3 ಮತ್ತು ಕ್ಯಾಲ್ಸಿಯಂ ಎರಡನ್ನೂ ಡಾಕ್ಟರ್ ಚೀಟಿಯಲ್ಲೇ ಬರೆಸಿದ್ದೆ. ತಂಗಿ ಕೇಳಿದ್ದ ಶತಾವರಿ ಪುಡಿಯನ್ನು ಸೀಲ್ ಒಡೆಯದ ಡಬ್ಬಿಯಲ್ಲಿ ಇಟ್ಟೆ. ಅದನ್ನು ತಗೊಳ್ಳುವ ಮುಂಚೆ ಅಲ್ಲಿನ ಡಾಕ್ಟರನ್ನು ಕೇಳು ಅಂತಲೂ ಹೇಳಿದೆ. ಆದರೆ ಬೈಲಹೊಂಗಲ ಕಡೆಯ ವೈದ್ಯರು ಕೊಟ್ಟ ಮೊಣಕಾಲಿನ ಚೂರ್ಣ ಬರೀ ಕಾಗದದ ಪೊಟ್ಟಣದಲ್ಲಿತ್ತು. ಅದರಲ್ಲಿ ಏನಿದೆ ಅಂತ ಬರೆದಿರಲಿಲ್ಲ. ಅದನ್ನು ಒಯ್ಯುವುದು ಬೇಡವೇ ಬೇಡ ಅಂದೆ. ಆ ಚೂರ್ಣದ ಮೇಲೆ ಅವ್ವನಿಗೆ ನಂಬಿಕೆ ಇದೆ, ಅದು ನನಗೆ ಗೊತ್ತು. ಆದರೆ ಚೀಟಿ ಇಲ್ಲದ, ಹೆಸರಿಲ್ಲದ ಪುಡಿಯನ್ನು ಪರದೇಶದ ಕಸ್ಟಮ್ಸ್ ಮೇಜಿನ ಮೇಲೆ ಇಟ್ಟು ಏನಂತ ಹೇಳುವುದು? ಲೇಬಲ್ ಇರುವ ಆಯುರ್ವೇದ ಗುಳಗಿಗಳಲ್ಲೂ ಒಳಗಿನ ವಸ್ತುಗಳ ಪಟ್ಟಿ ಓದಬೇಕು. ವಿಜಯಾ ಅಂತ ಇದ್ದರೆ ಅದು ಭಂಗಿ, ಅಹಿಫೇನ ಅಂತ ಇದ್ದರೆ ಅದು ಅಫೀಮು. ನಿದ್ದೆಗೆ, ನೋವಿಗೆ, ಭೇದಿಗೆ ಕೊಡುವ ಕೆಲವು ಔಷಧಿಗಳಲ್ಲಿ ಇವು ಇರುತ್ತವೆ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬೆಳಿಗ್ಗೆಯೇ ಹೋದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಕಟ್ಟಿದ ನಿಲ್ದಾಣ ಅದು. ಈಗಲೂ ಚಿಕ್ಕದು, ನೂಕುನುಗ್ಗಲು ಕಡಿಮೆ. ವಯಸ್ಸಾದವರಿಗೆ ಅದೇ ಅನುಕೂಲ. ಭದ್ರತಾ ತಪಾಸಣೆಗೆ ನಿಲ್ಲುವ ಮುಂಚೆಯೇ ಔಷಧಿ ಚೀಲವನ್ನು ಬೇರೆ ಟ್ರೇಯಲ್ಲಿಟ್ಟು, "ಇನ್ಸುಲಿನ್ ಐತ್ರೀ, ಸೂಜಿ ಅದಾವ, ಡಾಕ್ಟರ್ ಪತ್ರ ಇಲ್ಲೈತಿ," ಅಂತ ನಾವೇ ಹೇಳಿದೆವು. ಅಲ್ಲಿದ್ದ ಹೆಣ್ಣುಮಗಳು ಫ್ಲಾಸ್ಕ್ ಬಿಚ್ಚಿಸಿ ನೋಡಿ, ಪತ್ರ ಓದಿ, "ನಮ್ಮವ್ವಗೂ ಇದ ಅದಾವ್ರಿ," ಅಂತ ತಾನೇ ಮುಚ್ಚಿಕೊಟ್ಟಳು.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಅಲ್ಲಿ ತಪಾಸಣೆ ಬಿಗಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದೊಳಗಿನ ನೀರು, ಎಣ್ಣೆ, ಕ್ರೀಮಿನಂಥವಕ್ಕೆ 100 ಮಿಲಿಲೀಟರ್ ಮಿತಿ ಇದೆ. ಔಷಧಿಗೆ ಅದರಲ್ಲಿ ವಿನಾಯಿತಿ, ಆದರೆ ಇದು ಔಷಧಿ ಅಂತ ತೋರಿಸುವ ಕಾಗದ ಇರಬೇಕು. ಜೆಲ್ ಪ್ಯಾಕ್ ಅಷ್ಟು ಹೊತ್ತಿಗೆ ಅರ್ಧ ಕರಗಿ ಮೆತ್ತಗಾಗಿತ್ತು. ನಿಲ್ದಾಣದ ಭದ್ರತೆ ನೋಡುವ ಸಿಐಎಸ್‌ಎಫ್ ಪಡೆಯ ಸಿಬ್ಬಂದಿ ಅದನ್ನು ಎರಡು ಬೆರಳಲ್ಲಿ ಅದುಮಿ ಮೇಲಿನವರನ್ನು ಕರೆದರು. ಅವರು ಪತ್ರದಲ್ಲಿ ಜೆಲ್ ಪ್ಯಾಕಿನ ಸಾಲಿನ ಮೇಲೆ ಬೆರಳಿಟ್ಟು ಓದಿ, ಹೋಗಿ ಅಂದರು. ಆ ಸಾಲನ್ನು ಬರೆಸಿದ್ದು ಸಾರ್ಥಕ ಆಯ್ತು. ಗೇಟಿನ ಹತ್ತಿರ ಕೂತು ಥರ್ಮಾಮೀಟರ್ ನೋಡಿದೆ. ಮುಳ್ಳು 6ರ ಹತ್ತಿರ ಇತ್ತು.

ಬೆಂಗಳೂರಿಂದ ದುಬೈಗೆ ಸುಮಾರು ನಾಲ್ಕು ತಾಸು. ಅವ್ವನ ರಾತ್ರಿಯ ಇನ್ಸುಲಿನ್ ವಿಮಾನದಲ್ಲೇ ಬೀಳುತ್ತಿತ್ತು. ಊಟದ ತಟ್ಟೆ ಮುಂದೆ ಬರುವವರೆಗೂ ಚುಚ್ಚಿಕೊಳ್ಳಬಾರದು ಅಂತ ಡಾಕ್ಟರ್ ಖಡಕ್ಕಾಗಿ ಹೇಳಿದ್ದರು. ಊಟದ ಗಾಡಿ ಅಲ್ಲೇ ಕಾಣುತ್ತಿರುತ್ತದೆ, ಅಷ್ಟರಲ್ಲಿ ವಿಮಾನ ಅಲುಗಾಡಲು ಶುರುವಾದರೆ ಗಾಡಿಯನ್ನು ವಾಪಸ್ ಒಯ್ಯುತ್ತಾರೆ. ಚುಚ್ಚಿಕೊಂಡು ಹಸಿದು ಕೂತರೆ ಸಕ್ಕರೆ ಇಳಿದುಬಿಡುತ್ತದೆ. ಅವ್ವನ ಸೀರೆ ಸೆರಗಿನ ಗಂಟಿನಲ್ಲಿ ಕಲ್ಲುಸಕ್ಕರೆ ಇತ್ತು, ಬೇಕಾಗಲಿಲ್ಲ. ಸೂಜಿಯನ್ನು ಪೆನ್ನಿಗೆ ಸಿಕ್ಕಿಸಿಯೇ ಇಡಬಾರದು. ಎತ್ತರದಲ್ಲಿ ಗಾಳಿಯ ಒತ್ತಡ ಬದಲಾಗಿ ಒಳಗೆ ಗುಳ್ಳೆ ಸೇರುತ್ತದೆ. ಬಳಸಿದ ಸೂಜಿ ಹಾಕಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಯ್ದಿದ್ದೆವು. ಸಮಯದ ವ್ಯತ್ಯಾಸ ಬರೀ ಒಂದೂವರೆ ತಾಸು, ಹಾಗಾಗಿ ಉಳಿದ ಗುಳಗಿಗಳನ್ನು ಮರುದಿನದಿಂದ ಅಲ್ಲಿನ ಗಡಿಯಾರಕ್ಕೆ ತಕ್ಕಂತೆ ತಗೊಂಡರೆ ಸಾಕು ಅಂದಿದ್ದರು.

ದುಬೈಯಲ್ಲಿ ಲಗೇಜ್ ತಗೊಂಡ ಮೇಲೆ, ಕಸ್ಟಮ್ಸ್‌ನವರಿಗೆ ತೋರಿಸಬೇಕಾದ ಸಾಮಾನು ಇರುವವರ ಸಾಲಿಗೆ ನಾವೇ ಹೋದೆವು. ಕಸ್ಟಮ್ಸ್ ಅಧಿಕಾರಿ ಹಿಂದಿಯಲ್ಲೇ ಮಾತಾಡಿದರು. ಅನುಮತಿ ಪತ್ರ, ಪಾಸ್‌ಪೋರ್ಟ್, ಡಾಕ್ಟರ್ ಚೀಟಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು ತಾಳೆ ನೋಡಿದರು. ಕ್ಯಾಪ್ಸೂಲ್ ಡಬ್ಬಿ ತೆಗೆಸಿ ಸ್ಟ್ರಿಪ್ಪುಗಳನ್ನು ಎಣಿಸಿದರು, ಪತ್ರದ ಸಂಖ್ಯೆಗೆ ಸರಿ ಇತ್ತು. ಆಮೇಲೆ ಅಂಟಿನುಂಡಿ ಡಬ್ಬಿ ತೆರೆಸಿದರು. ಒಂದು ಉಂಡಿಯನ್ನು ಬೆಳಕಿಗೆ ಹಿಡಿದು, ಮೇಲೆ ಅಂಟಿದ್ದ ಕಾಳನ್ನು ತೋರಿಸಿ, "ಖಸ್‌ಖಸ್?" ಅಂದರು. ಅವ್ವ ನನಗಿಂತ ಮುಂಚೆ ಉತ್ತರ ಕೊಟ್ಟಳು. "ನಹೀ ಬೇಟಾ, ಅಳವಿ. ಖಸ್‌ಖಸ್ ನಹೀ ಡಾಲಾ." ಜೊತೆಗೆ ತಂದಿದ್ದ ಅಳವಿ ಪ್ಯಾಕೆಟನ್ನು, ಹೆಸರು ಅಚ್ಚಾಗಿರುವುದನ್ನು, ನಾನು ತೋರಿಸಿದೆ. ಕೆಂಪಗಿನ ಉದ್ದ ಕಾಳು, ಗಸಗಸೆ ಹಾಗೆ ಬೆಳ್ಳಗೆ ದುಂಡಗೆ ಇರುವುದಿಲ್ಲ. ಅವರು ತಲೆಯಾಡಿಸಿ ಡಬ್ಬಿ ಮುಚ್ಚಿದರು. ಒಟ್ಟು ಕಾಲು ತಾಸೂ ಹಿಡಿಯಲಿಲ್ಲ.

ನಾವು ವಾಪಸ್ ಬಂದ ಮೇಲೆ ಓಣಿಯ ಕಾಕಾ ಒಬ್ಬರು ಸಿಂಗಾಪುರದ ಮಗನ ಮನೆಗೆ ಹೊರಟಿದ್ದಾರೆ. ಅವರಿಗೂ ಕಾಲುರಿ, ಅವರಿಗೂ ಅದೇ ಥರದ ಕ್ಯಾಪ್ಸೂಲ್. ನಿಯಮ ದೇಶಕ್ಕೊಂದು ಇದೆ, ದುಬೈಯದ್ದು ಸಿಂಗಾಪುರಕ್ಕೆ ಹೊಂದಲ್ಲ ಅಂತ ಹೇಳಿದ್ದೇನೆ. ಅಲ್ಲಿ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಜಾಲತಾಣದಲ್ಲಿ ಒಂದೊಂದೇ ಹೆಸರು ಹಾಕಿ ನೋಡಬೇಕು. ಗಸಗಸೆಗೆ ಅಲ್ಲೂ ತಡೆ ಇದೆ. ಅವರ ಮಗಳು ಜಪಾನಿನಲ್ಲಿದ್ದಾಳೆ, ಮುಂದಿನ ವರ್ಷ ಅಲ್ಲಿಗೂ ಹೋಗುವ ಮಾತಿದೆ. ಜಪಾನಿಗೆ ಚೀಟಿಯ ಔಷಧಿ ಒಂದು ತಿಂಗಳಿಗಿಂತ ಜಾಸ್ತಿ ಒಯ್ಯಬೇಕಾದರೆ ಮೊದಲೇ ಪ್ರಮಾಣಪತ್ರ ತರಿಸಿಕೊಳ್ಳಬೇಕು. ನಮ್ಮಲ್ಲಿ ನೆಗಡಿಗೆ ಕೊಡುವ ಸೂಡೊಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿರುವ ಗುಳಗಿ ಅಲ್ಲಿ ನಡೆಯುವುದೇ ಇಲ್ಲ. ಭಾನುವಾರ ಅವರ ಗುಳಗಿ ಡಬ್ಬಿ ತಗೊಂಡು ನಮ್ಮ ಮನೆಗೆ ಬರುತ್ತೇನೆ ಅಂದಿದ್ದಾರೆ. ಪಾಸ್‌ಪೋರ್ಟನ್ನೂ ತನ್ನಿ ಕಾಕಾ, ಹೆಸರು ತಾಳೆ ನೋಡೋಣ ಅಂತ ಹೇಳಿ ಕಳಿಸಿದ್ದೇನೆ.